ಒಂದು ಬಟ್ಟಲು ತಂಬುಳಿಯ ಲೆಕ್ಕ

ಆಷಾಢದ ರಾತ್ರಿ. ಕರಾವಳಿಯ ಹಂಚಿನ ಮನೆಗಳ ಮೇಲೆ ಮಳೆ ಧೋ ಎಂದು ಸುರಿಯುತ್ತಿರುತ್ತದೆ, ಒಳಗೆ ಎಲ್ಲರಿಗೂ ಗಾಢ ನಿದ್ದೆ. ನಡುರಾತ್ರಿ ಮಳೆ ಥಟ್ಟನೆ ನಿಂತರೆ ಸಾಕು, ಯಾರಿಗಾದರೂ ಎಚ್ಚರವಾಗುತ್ತದೆ. ಎಬ್ಬಿಸಿದ್ದು ಸದ್ದಲ್ಲ, ಸದ್ದು ಇಲ್ಲವಾದದ್ದು. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಮೂಗಿಗೂ ಇದೇ ಅನುಭವ. ಒಳಗೆ ಕಾಲಿಟ್ಟಾಗ ಬಡಿದ ವಾಸನೆ ಬಂಗಡೆ ಆರಿಸಿ ಚೌಕಾಸಿ ಮುಗಿಸುವಷ್ಟರಲ್ಲಿ ಗೊತ್ತೇ ಆಗದಂತಾಗಿರುತ್ತದೆ. ವಾಸನೆ ಎಲ್ಲಿಗೂ ಹೋಗಿಲ್ಲ. ಮೂಗು ಮಿದುಳಿಗೆ ವರದಿ ಒಪ್ಪಿಸುವುದನ್ನು ಕಡಿಮೆ ಮಾಡಿದೆ, ಅಷ್ಟೆ.

ದಿನನಿತ್ಯದ ಸಣ್ಣ ಒಳಿತುಗಳು ನಮ್ಮ ಗಮನದಿಂದ ಜಾರುವುದೂ ಹೀಗೇ. ಬಚ್ಚಲ ಹಂಡೆಯ ಬಿಸಿನೀರು, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಊಟದ ಕೊನೆಗೆ ಬಡಿಸಿದ ಮಜ್ಜಿಗೆ ನಮಗೆ ಕಾಣದಿದ್ದರೆ ಅದಕ್ಕೆ ಕಾರಣ ಸೊಕ್ಕಲ್ಲ. ನರಮಂಡಲ ಕೆಲಸ ಮಾಡುವ ರೀತಿಯೇ ಅದು. ಹಾಗಾಗಿ ‘ಇದ್ದುದಕ್ಕೆ ಸಂತೋಷಪಡು’ ಎಂಬ ಉಪದೇಶ ಒಂದರಿಂದಲೇ ಏನೂ ಆಗುವುದಿಲ್ಲ. ಕೃತಜ್ಞತೆ ಹುಟ್ಟಬೇಕಾದರೆ ಕಾಣದ್ದನ್ನು ಮತ್ತೆ ಕಾಣುವಂತೆ ಮಾಡುವ ಕೆಲವು ಉಪಾಯಗಳಿವೆ. ಅವನ್ನು ಅಭ್ಯಾಸದಿಂದಲೇ ಕಲಿಯಬೇಕು.

ಈ ಮರೆವಿನ ಬೇರು ಬಹಳ ಆಳದಲ್ಲಿದೆ. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಅದನ್ನು ಅಪ್ಲಿಸಿಯಾ ಎಂಬ ಕಡಲ ಬಸವನಹುಳುವಿನಲ್ಲಿ ಹುಡುಕಿದರು. ಅದರ ನೀರು ಚಿಮ್ಮುವ ಕೊಳವೆಯನ್ನು ಮೆಲ್ಲಗೆ ಮುಟ್ಟಿದರೆ ಹುಳು ಕಿವಿರನ್ನು ಒಳಕ್ಕೆಳೆದುಕೊಳ್ಳುತ್ತದೆ. ಹತ್ತು ಸಲ ಹಾಗೆಯೇ ಮುಟ್ಟುತ್ತ ಹೋದರೆ ಎಳೆತ ಸಣ್ಣದಾಗುತ್ತ ಬರುತ್ತದೆ. ಸ್ನಾಯು ದಣಿದಿದ್ದರಿಂದ ಹೀಗಾಗುವುದಲ್ಲ. ಸ್ಪರ್ಶವನ್ನು ತಿಳಿಸುವ ನರಕೋಶದ ತುದಿ ಮುಂದಿನ ಕೋಶಕ್ಕೆ ಸುರಿಸುವ ರಾಸಾಯನಿಕವೇ ಕಡಿಮೆಯಾಗಿರುತ್ತದೆ. ಅಪಾಯವಿಲ್ಲದ್ದು, ಪದೇ ಪದೇ ಬರುವಂಥದ್ದು ಎಂದಾದರೆ ಅದಕ್ಕೆ ಶಕ್ತಿ ಖರ್ಚು ಮಾಡಬೇಡ ಎಂಬ ಮಿತವ್ಯಯ ಇದು. ಕಲಿಕೆ ಮತ್ತು ನೆನಪಿನ ಬಗೆಗಿನ ಇಂಥ ಕೆಲಸಕ್ಕೆ ಕ್ಯಾಂಡೆಲ್ 2000ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ನಮ್ಮ ತಲೆಯಲ್ಲಿ ಇದರ ಮೇಲೆ ಇನ್ನೊಂದು ಲೆಕ್ಕವೂ ಕೂತಿದೆ. ನರವಿಜ್ಞಾನಿ ವೋಲ್ಫ್ರಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಸುರಿಸುವ ಕೋಶಗಳನ್ನು ಗಮನಿಸಿದಾಗ ಕಂಡದ್ದು ಇದು: ಅನಿರೀಕ್ಷಿತವಾಗಿ ಒಂದು ಹನಿ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಚುರುಕಾಗಿ ಮಿಡಿಯುತ್ತವೆ. ರಸ ಬರುವ ಮುನ್ನ ಪ್ರತಿ ಸಲ ಒಂದು ಸೂಚನೆ ಸಿಗುತ್ತಿದ್ದರೆ, ಕೆಲವು ಸುತ್ತುಗಳ ಬಳಿಕ ಮಿಡಿತ ಆ ಸೂಚನೆಗೆ ವರ್ಗವಾಗುತ್ತದೆ, ರಸ ಬಂದಾಗ ಏನೂ ಇಲ್ಲ. ಬರಬೇಕಾದ ಹೊತ್ತಿಗೆ ರಸ ಬಾರದಿದ್ದರೆ ಮಾತ್ರ ಮಿಡಿತ ಇದ್ದ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಮಳೆಗಾಲದ ಶಿರಸಿಯಲ್ಲಿ ಕರೆಂಟು ಹೋದಾಗ ಆಗುವ ಕಿರಿಕಿರಿ ಎಷ್ಟು, ಇಡೀ ದಿನ ಇದ್ದುದಕ್ಕೆ ಆದ ಸಂತೋಷ ಎಷ್ಟು ಎಂದು ತೂಗಿ ನೋಡಿದರೆ ಈ ಲೆಕ್ಕ ಅರ್ಥವಾಗುತ್ತದೆ. ಕಾಳಿ ನದಿಯ ಹಳೆಯ ಸೇತುವೆಯನ್ನೇ ತೆಗೆದುಕೊಳ್ಳಿ. ದಶಕಗಟ್ಟಲೆ ಜನ ಅದರ ಮೇಲೆ ಓಡಾಡಿದರು. ಅದು ಎಲ್ಲರ ಬಾಯಲ್ಲಿ ಬಂದದ್ದು 2024ರ ಆಗಸ್ಟ್‌ನಲ್ಲಿ, ಒಂದು ಲಾರಿಯ ಸಮೇತ ನದಿಗೆ ಕುಸಿದ ರಾತ್ರಿ. (ಚಾಲಕನನ್ನು ಜೀವಸಹಿತ ಮೇಲೆತ್ತಿದ್ದು ನೆಮ್ಮದಿಯ ಸಂಗತಿ.)

ಕೃತಜ್ಞತೆ ಎಂಬ ನಮ್ಮ ಶಬ್ದವನ್ನೇ ಬಿಡಿಸಿ ನೋಡಬೇಕು. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ಏನೇನು ಮಾಡಲಾಗಿದೆ ಎಂದು ಬಲ್ಲವನೇ ಕೃತಜ್ಞ. ಭಾವಕ್ಕಿಂತ ಮೊದಲು ತಿಳಿವಳಿಕೆ ಬರಬೇಕು ಎಂದು ಶಬ್ದವೇ ಹೇಳುತ್ತಿದೆ. ಪ್ರಯೋಗಗಳೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತವೆ. ಆ ತಿಳಿವಳಿಕೆ ಹೇಗಿರುತ್ತದೆ ಎಂಬುದಕ್ಕೆ ಘಟ್ಟದ ಮೇಲಿನ ಮನೆಗಳಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯದ ಒಂದು ಪದಾರ್ಥವನ್ನು ನೋಡೋಣ, ಒಂದೆಲಗದ ತಂಬುಳಿ.

ನಾಲ್ಕು ಜನಕ್ಕೆ ಒಂದು ಹಿಡಿ ಎಲೆ, ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು, ಅರ್ಧ ಬಟ್ಟಲು ಕಾಯಿತುರಿ, ಎರಡು ಲೋಟ ಮಜ್ಜಿಗೆ, ಮುಕ್ಕಾಲು ಚಮಚ ಉಪ್ಪು. ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಹುರಿದು, ಎಲೆ ಹಾಕಿ ಬಾಡಿಸಿ, ಕಾಯಿಯ ಜೊತೆ ನುಣ್ಣಗೆ ಬೀಸಿ, ಮಜ್ಜಿಗೆಗೆ ಬೆರೆಸಬೇಕು. ಕುದಿಸುವಂತಿಲ್ಲ. ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಬಾಡಿಸಿದ ಬಿಸಿ ಆರುವ ಮೊದಲೇ ಬೀಸಿ ಮಜ್ಜಿಗೆಗೆ ಸುರಿದರೆ, ಹುಳಿಯಿಂದ ಈಗಾಗಲೇ ಗರಣೆಗಟ್ಟಿರುವ ಹಾಲಿನ ಪ್ರೋಟೀನು ಬಿಸಿಗೆ ಇನ್ನಷ್ಟು ಮುದುಡಿ ನೀರು ಬಿಡುತ್ತದೆ, ತಂಬುಳಿ ಒಡೆಯುತ್ತದೆ.

ಈಗ ಈ ಬಟ್ಟಲಿನಿಂದ ಹಿಂದಕ್ಕೆ ನಡೆಯೋಣ. ಒಂದೆಲಗವನ್ನು ಯಾರೂ ನೆಡುವುದಿಲ್ಲ. ಅಡಕೆ ತೋಟದ ಕಾಲುವೆಯಂಚಿನ ತೇವದಲ್ಲಿ ನೆಲಕ್ಕಂಟಿ ಹಬ್ಬುತ್ತ, ಗಿಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತ ತಾನೇ ಬೆಳೆಯುತ್ತದೆ. ಆದರೆ ಆ ತೇವ ಉಳಿಯಲು ಯಾರೋ ವರ್ಷವರ್ಷವೂ ಕಾಲುವೆಯ ಹೂಳು ತೆಗೆದಿರಬೇಕು. ಕಾಳುಮೆಣಸಿನ ಬಳ್ಳಿ ಅದೇ ತೋಟದ ಅಡಕೆ ಮರಕ್ಕೆ ಹಬ್ಬಿದ್ದು. ಮುಂಗಾರಿನ ಮೊದಲ ಮಳೆಗಳಿಗೆ ಅದರ ಜೋಲು ತೆನೆಗಳಲ್ಲಿ ಹೂ ಅರಳುತ್ತದೆ. ತೆನೆಯ ಮೇಲಿಂದ ಕೆಳಗಿಳಿಯುವ ಮಳೆನೀರು ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಸಾಗಿಸಲು ನೆರವಾಗುತ್ತದೆ. ಆ ಹೊತ್ತಿಗೆ ಮಳೆ ಕೈಕೊಟ್ಟರೆ ತೆನೆಯಲ್ಲಿ ಕಾಳಿಗಿಂತ ಖಾಲಿ ಜಾಗವೇ ಹೆಚ್ಚು. ಕಾಳು ಬಲಿಯಲು ಆರರಿಂದ ಎಂಟು ತಿಂಗಳು ಬೇಕು. ತೆನೆಯಲ್ಲಿ ಒಂದೆರಡು ಕಾಳು ಕೆಂಪಾದಾಗ ಏಣಿ ಹತ್ತಿ ಕೊಯ್ದು, ಬಿಡಿಸಿ, ಬಿಸಿಲಿಗೆ ಹರವುತ್ತಾರೆ. ಸಿಪ್ಪೆಯೊಳಗಿನ ಕಿಣ್ವ ಗಾಳಿ ತಾಗಿ ಕಪ್ಪು ಬಣ್ಣ ಕೊಡುತ್ತದೆ. ನೂರು ಕಿಲೋ ಹಸಿ ಮೆಣಸು ಒಣಗಿದಾಗ ಉಳಿಯುವುದು ಸುಮಾರು ಮೂವತ್ಮೂರು ಕಿಲೋ.

ಉಪ್ಪು ಘಟ್ಟದ ಕೆಳಗಿನದು. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ, ಅಘನಾಶಿನಿ ಕಡಲು ಸೇರುವಲ್ಲಿ, ಉಪ್ಪಿನ ಗದ್ದೆಗಳಿವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಅದರಲ್ಲಿ ಅಡುಗೆ ಉಪ್ಪು 27 ಗ್ರಾಂ. ತಂಬುಳಿಗೆ ಹಾಕಿದ್ದು ನಾಲ್ಕು ಗ್ರಾಂ ಎಂದಿಟ್ಟುಕೊಂಡರೆ, ಆ ಬಟ್ಟಲಿಗಾಗಿ ಒಂದು ಸಣ್ಣ ಲೋಟದಷ್ಟು ಸಮುದ್ರ ಆವಿಯಾಗಿ ಹೋಗಿದೆ. ಬಿಸಿಲಿಗೆ ಬಿಟ್ಟರೆ ಆಯಿತು ಎಂಬಷ್ಟು ಸುಲಭವೂ ಅಲ್ಲ. ನೀರು ಇಂಗುತ್ತ ಬಂದಂತೆ ಉಪ್ಪಿಗಿಂತ ಮೊದಲು ಜಿಪ್ಸಂ ತಳ ಸೇರುತ್ತದೆ. ಮೂಲದ ಹತ್ತರಲ್ಲಿ ಒಂದು ಪಾಲಿನಷ್ಟಾದಾಗ ಉಪ್ಪಿನ ಹರಳು ಕಟ್ಟತೊಡಗುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಮೆಗ್ನೀಸಿಯಂ ಲವಣಗಳೂ ಸೇರಿ ಉಪ್ಪು ಕಹಿಯಾಗುತ್ತದೆ, ಆದ್ದರಿಂದ ಕೊನೆಯ ಕಹಿನೀರನ್ನು ಹೊತ್ತು ನೋಡಿ ಹೊರಬಿಡಬೇಕು. ನಡುವೆ ಒಂದು ಅಕಾಲ ಮಳೆ ಬಂದರೆ ಕಟ್ಟಿದ ಹರಳೆಲ್ಲ ಮತ್ತೆ ನೀರು.

ಜೀರಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯದಲ್ಲ, ಬಹುತೇಕ ಗುಜರಾತ್, ರಾಜಸ್ಥಾನದ ಒಣನೆಲದಿಂದ ಬಂದದ್ದು. ಮಜ್ಜಿಗೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಒಂದು ರಾತ್ರಿಯ ದುಡಿಮೆಯಿದೆ. ಇಷ್ಟೆಲ್ಲ ಆದ ಮೇಲೆ ಯಾರೋ ಕೂತು ಕಾಯಿ ತುರಿದಿದ್ದಾರೆ.

ಹೀಗೆ ಹಿಂದಕ್ಕೆ ನಡೆಯಲು ಐದು ನಿಮಿಷ ಸಾಕು. ದಿನಕ್ಕೊಂದು ವಸ್ತು, ಹೆಚ್ಚೆಂದರೆ ಮೂರು ಕೊಂಡಿ. ಎಲ್ಲ ಊಟಕ್ಕೂ ಮಾಡಹೊರಟರೆ ಅದೂ ಹತ್ತನೆಯ ಸಲ ಮುಟ್ಟಿಸಿಕೊಂಡ ಅಪ್ಲಿಸಿಯಾದ ಕಥೆಯೇ.

ಪ್ರಮಾಣದ ಈ ಮಾತಿಗೆ ಪ್ರಯೋಗಗಳ ಆಧಾರವಿದೆ. ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೋ 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಹತ್ತು ವಾರ ಕಾಲ ವಾರಕ್ಕೊಮ್ಮೆ ಬರೆದರು. ಒಂದು ಗುಂಪು ಉಪಕಾರವೆನಿಸಿದ ಐದರವರೆಗಿನ ಸಂಗತಿಗಳನ್ನು, ಇನ್ನೊಂದು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ಆ ವಾರ ನಡೆದದ್ದನ್ನು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು. ಮಾರ್ಟಿನ್ ಸೆಲಿಗ್ಮನ್ ತಂಡ 2005ರಲ್ಲಿ ವರದಿ ಮಾಡಿದ ಕ್ರಮ ಬೇರೆ: ಒಂದು ವಾರ, ಪ್ರತಿ ರಾತ್ರಿ, ಅಂದು ನಡೆದ ಮೂರು ಒಳ್ಳೆಯ ಸಂಗತಿಗಳು, ಪ್ರತಿಯೊಂದರ ಮುಂದೆ ಅದು ಯಾಕೆ ನಡೆಯಿತು ಎಂಬ ಕಾರಣ. ಆರು ತಿಂಗಳ ನಂತರವೂ ಪರಿಣಾಮ ಕಂಡಿತು, ಅದರಲ್ಲೂ ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಲ್ಲಿ. ಸೋನ್ಯಾ ಲ್ಯುಬೊಮಿರ್‌ಸ್ಕಿ ಮತ್ತು ಸಂಗಡಿಗರು ಆರು ವಾರ ನಡೆಸಿದ ಹೋಲಿಕೆಯಲ್ಲಿ ಲಾಭವಾದದ್ದು ವಾರಕ್ಕೊಮ್ಮೆ ಬರೆದವರಿಗೆ, ವಾರಕ್ಕೆ ಮೂರು ಸಲ ಬರೆದವರಿಗಲ್ಲ. ಹಾಗಾಗಿ ಮೊದಲ ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೊಮ್ಮೆ ಎಂಬುದು ನಮಗೆ ಸರಿಯೆನಿಸುವ ಪ್ರಮಾಣ.

ಬರೆಯುವಾಗ ತಪ್ಪುವುದು ಎಲ್ಲಿ ಎಂದರೆ, ಮೂರನೆಯ ದಿನಕ್ಕೇ ಪಟ್ಟಿ ‘ಮನೆ, ಮಕ್ಕಳು, ಆರೋಗ್ಯ’ ಎಂದಾಗಿಬಿಡುವುದು. ಇಂಥ ದೊಡ್ಡ ಶಬ್ದಗಳು ಬರೆಯುವವರ ಕಣ್ಣಿಗೂ ಏನನ್ನೂ ತೋರಿಸುವುದಿಲ್ಲ. ‘ಕುಮಟಾ ಬಸ್ಸಿನಲ್ಲಿ ಪಕ್ಕದವರು ಸರಿದು ಕೂತು ಚೀಲ ತೊಡೆಯ ಮೇಲಿಟ್ಟುಕೊಂಡರು, ನನ್ನ ಕೈ ನೋಯುತ್ತಿರುವುದು ಅವರ ಗಮನಕ್ಕೆ ಬಂದಿತ್ತು’ ಎಂದು ಬರೆದರೆ ಸಂಗತಿಯೂ ಇದೆ, ಕಾರಣವೂ ಇದೆ. ಭೂಮಿ ಹುಣ್ಣಿಮೆಯಲ್ಲಿ ಮಲೆನಾಡಿನ ರೈತರು ಬಗೆಬಗೆಯ ಸೊಪ್ಪು, ತರಕಾರಿ ಬೆರೆಸಿದ ಅನ್ನವನ್ನು ಬೆಳಕು ಹರಿಯುವ ಮುನ್ನ ತಮ್ಮ ಗದ್ದೆಗೆ ಬೀರುತ್ತಾರಲ್ಲ, ಅದು ಇಂಥ ಖಚಿತತೆಯೇ: ಈ ಗದ್ದೆಗೆ, ಈ ಪೈರಿಗೆ.

ಇನ್ನೊಂದು ತಪ್ಪು ಹೋಲಿಕೆ. ‘ಅವರ ಹಾಗಂತೂ ಆಗಲಿಲ್ಲವಲ್ಲ’ ಎನ್ನುವುದು ಬಚಾವಾದ ನಿಟ್ಟುಸಿರು, ಕೃತಜ್ಞತೆಯಲ್ಲ. ಋಣಭಾರವೂ ಬೇರೆಯೇ. ಗದ್ದೆ ನೆಟ್ಟಿಗೆ ಬಂದ ಮುಯ್ಯಾಳಿಗೆ ಮುಯ್ಯಾಳು ಕೊಟ್ಟು ತೀರಿಸುವುದು ನ್ಯಾಯವಾದ ಲೆಕ್ಕ, ಊರು ನಡೆಯಲು ಅದು ಬೇಕು. ಆದರೆ ಮಾಡಿದವರು ಪ್ರತಿಫಲ ಬಯಸುತ್ತಾರೆ ಎಂಬ ಅನಿಸಿಕೆ ಹೆಚ್ಚಾದಷ್ಟೂ ಋಣದ ಭಾರ ಏರಿ, ಕೃತಜ್ಞತೆ ಇಳಿಯುತ್ತದೆ ಎಂದು ಫಿಲಿಪ್ ವಾಟ್ಕಿನ್ಸ್ ಮತ್ತಿತರರ ಅಧ್ಯಯನಗಳು ತೋರಿಸಿವೆ. ‘ನಿನಗಾಗಿ ಎಷ್ಟು ಮಾಡಿದೆ’ ಎಂದು ಮಕ್ಕಳಿಗೆ ದಿನವೂ ನೆನಪಿಸುವವರು ಇದನ್ನು ಗಮನಿಸಬೇಕು.

ಕೃತಜ್ಞತೆಯ ಅಭ್ಯಾಸ ಔಷಧವೂ ಅಲ್ಲ. ಇಪ್ಪತ್ತೇಳು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2021ರ ಒಂದು ವಿಶ್ಲೇಷಣೆ ಖಿನ್ನತೆ, ಆತಂಕಗಳ ಮೇಲೆ ಇಂಥ ಅಭ್ಯಾಸಗಳ ಪರಿಣಾಮ ಚಿಕ್ಕದು ಎಂದಿತು. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಆಸಕ್ತಿ ಎಲ್ಲ ಕೆಟ್ಟವರಿಗೆ ಡೈರಿ ಬರೆ ಎನ್ನುವುದು ಕ್ರೌರ್ಯ. ಅವರಿಗೆ ವೈದ್ಯರು ಬೇಕು, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹೊಡೆತ, ಅನ್ಯಾಯ ಸಹಿಸುತ್ತಿರುವವರಿಗೆ ‘ಇದ್ದುದರಲ್ಲಿ ತೃಪ್ತಿಪಡು’ ಎನ್ನುವುದಂತೂ ಸಲ್ಲದು.

ಬರೆಯಲು ಬೇಸರವಾದವರಿಗೆ, ಇಷ್ಟದ್ದನ್ನು ಕೆಲಕಾಲ ಬಿಟ್ಟಿರುವ ಉಪಾಯವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕಡಲಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಉದ್ದೇಶ ಮೀನಿನ ಸಂತತಿ ಉಳಿಸುವುದು. ಆದರೆ ಆಗಸ್ಟ್‌ನಲ್ಲಿ ಬೋಟು ಮರಳಿದ ಮೇಲಿನ ಮೊದಲ ಬಂಗಡೆ ಸಾರಿನ ರುಚಿಯನ್ನು ಕಾರವಾರದಲ್ಲಿ ಯಾರನ್ನು ಬೇಕಾದರೂ ಕೇಳಿ. ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ ಇದನ್ನೇ ಚಾಕೊಲೇಟಿನಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು: ವಾರವಿಡೀ ಬಿಟ್ಟಿದ್ದವರು, ಬೇಕಾದಷ್ಟು ತಿಂದವರಿಗಿಂತಲೂ ಎಂದಿನಂತೆ ಇದ್ದವರಿಗಿಂತಲೂ ಮುಂದಿನ ತುಂಡನ್ನು ಹೆಚ್ಚು ಸವಿದರು. ಚಹಾ ಒಂದು ವಾರ ಬಿಡಿ, ಎಂಟನೆಯ ದಿನದ ಲೋಟವನ್ನು ಫೋನು ದೂರವಿಟ್ಟು ಕುಡಿಯಿರಿ. ಬಿಟ್ಟ ಚಹಾದ ಜಾಗಕ್ಕೆ ಕಾಫಿ ತಂದುಕೊಂಡರೆ ಉಪಾಯ ಕೆಟ್ಟಿತು.

ಹೇಳುವುದು ನಮಗೆ ಎಲ್ಲಕ್ಕಿಂತ ಕಷ್ಟ. ಮನೆಯೊಳಗೆ ‘ಧನ್ಯವಾದ’ ಎಂದರೆ ಸಭೆಯ ವಂದನಾರ್ಪಣೆಯ ಹಾಗೆ ಕೇಳುತ್ತದೆ, ಹಾಗಾಗಿ ಏನನ್ನೂ ಹೇಳದೆ ಏಳುತ್ತೇವೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಕೃತಜ್ಞತೆಯ ಪತ್ರ ಬರೆಸಿ 2018ರಲ್ಲಿ ತೋರಿಸಿದಂತೆ, ಓದುವವರಿಗೆ ಮುಜುಗರವಾದೀತು ಎಂದು ಬರೆಯುವವರು ಅತಿಯಾಗಿ ಎಣಿಸುತ್ತಾರೆ, ಆಗುವ ಸಂತೋಷವನ್ನು ಕಡಿಮೆ ಎಣಿಸುತ್ತಾರೆ. ಸಾರಾ ಆಲ್ಗೋ ತಂಡದ ಇನ್ನೊಂದು ಕೆಲಸ ನಮ್ಮ ಅಡುಗೆಮನೆಗೆ ಹೇಳಿ ಮಾಡಿಸಿದಂತಿದೆ: ತನಗಾದ ಲಾಭವನ್ನು ಹೇಳುವುದಕ್ಕಿಂತ, ಎದುರಿನವರು ಮಾಡಿದ್ದನ್ನು ಮೆಚ್ಚಿ ಹೇಳಿದ ಮಾತು ಕೇಳಿದವರಿಗೆ ಹೆಚ್ಚು ಹತ್ತಿರವಾಗುತ್ತದೆ. ಧನ್ಯವಾದ ಎಂಬ ಶಬ್ದವೇ ಬೇಡ. ಬಟ್ಟಲು ಎತ್ತುವಾಗ, ‘ತಂಬುಳಿ ಚೊಲೋ ಆಜು, ಮೆಣಸು ಹುರಿದ ಹದ ಸರಿ ಇತ್ತು’ ಅಂದರಾಯಿತು.