ಪದಬಂಧ ಬಿಡಿಸುವಾಗ ನಿಘಂಟು ನೋಡಿದರೆ ಮೋಸವೇ?

ಓದುಗರ ಪ್ರಶ್ನೆ: ಬೆಳಿಗ್ಗೆ ಪೇಪರ್ ಬಂದ ಕೂಡಲೇ ಪದಬಂಧ ಬಿಡಿಸುವುದು ನನ್ನ ಅಭ್ಯಾಸ. ಮುಕ್ಕಾಲು ಪಾಲು ಸಲೀಸಾಗಿ ತುಂಬುತ್ತದೆ, ಕೊನೆಗೆ ನಾಲ್ಕೈದು ಪದ ಉಳಿದುಬಿಡುತ್ತವೆ. ಆಗ ನಿಘಂಟು ತೆರೆದರೆ, ಮೊಬೈಲಿನಲ್ಲಿ ಹುಡುಕಿದರೆ ಮನೆಯವರು ‘ಇದು ಮೋಸ’ ಅನ್ನುತ್ತಾರೆ. ನಿಜಕ್ಕೂ ಮೋಸವೇ?

ಮೋಸ ಅಲ್ಲ. ಧಾರಾಳವಾಗಿ ನೋಡಿ. ಆದರೆ ಸುಳಿವು ಓದಿದ ತಕ್ಷಣ ನೋಡಬೇಡಿ, ಪದ ತನ್ನ ಮನೆಗಳಲ್ಲಿ ಕೂತ ಮೇಲೆ ನೋಡಿ. ಇದು ನಿಯಮ ಪಾಲಿಸುವ ಮಾತಲ್ಲ. ಹಾಗೆ ಮಾಡಿದರೆ ಪದಬಂಧದಿಂದ ಸಿಗುವ ಸಂತೋಷ ಇಮ್ಮಡಿಯಾಗುತ್ತದೆ ಅನ್ನುವುದು ನನ್ನ ಅನುಭವ.

ನಾನು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಗೆ ಮೈಸೂರಿನಿಂದ ಧಾರವಾಡಕ್ಕೆ, ಸೋದರತ್ತೆಯ ಮನೆಗೆ ಹೋಗುತ್ತಿದ್ದೆ. ಅತ್ತೆ ಬೆಳಗಿನ ಚಹಾ ಮುಗಿಸಿ, ಪೇಪರನ್ನು ನಾಲ್ಕು ಮಡಿಕೆ ಮಾಡಿ, ಮೊಂಡು ಪೆನ್ಸಿಲ್ ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದರು. ಒಂದು ದಿನ ಪೇಪರ್ ಅವರಿಗಿಂತ ಮೊದಲು ನನ್ನ ಕೈಗೆ ಸಿಕ್ಕಿತು. ಎಡದಿಂದ ಬಲಕ್ಕೆ ಒಂದು ಸುಳಿವು: ‘ಸಂಬಳ (3)’. ಹಿಂದೆಮುಂದೆ ನೋಡದೆ ಪೆನ್ನಿನಲ್ಲಿ ‘ವೇತನ’ ಅಂತ ಬರೆದೆ. ಅದರ ನಡುವಿನ ಮನೆಯಿಂದ ಕೆಳಕ್ಕೆ ಇಳಿಯುವ ಪದ ‘ಗಾಳಿಪಟ’ ಅನ್ನುವುದು ಸುಳಿವು ಓದಿದರೇ ಗೊತ್ತಾಗುತ್ತಿತ್ತು, ದಾರ, ಬಾಲ ಎರಡೂ ಅದರಲ್ಲಿದ್ದವು. ಅಂದರೆ ‘ತ’ ಬರೆದ ಮನೆಯಲ್ಲಿ ‘ಗಾ’ ಬರಬೇಕು. ಸಂಬಳಕ್ಕೂ ‘ಗಾ’ಗೂ ಏನು ಸಂಬಂಧ? ಹತ್ತು ನಿಮಿಷ ಒದ್ದಾಡಿದೆ. ಅತ್ತೆ ಇಣುಕಿ ನೋಡಿ, ‘ಪಗಾರ ಬರೀ ತಮ್ಮಾ. ನಿಮ್ಮ ಮಾಮಾ ಒಂದನೇ ತಾರೀಖಿಗೆ ತರ್ತಾರಲ್ಲ, ಅದು’ ಅಂದರು.

ಆ ಪದ ನಾನು ಅವರ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೆ. ಕಿವಿಗೆ ಬಿದ್ದಿದ್ದರೂ ಕೈಗೆ ಬಂದಿರಲಿಲ್ಲ. ‘ವೇತನ’ ಹೊಡೆದುಹಾಕಿ ಅದರ ಮೇಲೆ ‘ಪಗಾರ’ ತಿದ್ದಿದ್ದರಿಂದಲೇ ಇರಬೇಕು, ಅದು ತಲೆಯಲ್ಲಿ ಉಳಿಯಿತು. ಆಮೇಲೆ ಹುಡುಕಿದಾಗ ತಿಳಿಯಿತು: ಅದು ಪೋರ್ಚುಗೀಸ್ ಪದ. ಆ ಭಾಷೆಯಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು 1961ರ ತನಕ ಅಲ್ಲೇ ಇದ್ದರು. ಧಾರವಾಡದಿಂದ ಗೋವಾ ದೂರವೇನಲ್ಲ. ಹಾಗೆ ಹುಡುಕುತ್ತ ಹೋದರೆ ಬಟಾಟೆಯೂ ಅವರದ್ದೇ, ಚಾವಿಯೂ ಅವರದ್ದೇ, ಅಲಮಾರೂ ಅವರದ್ದೇ. ‘ಅಲಮಾರಿನ ಚಾವಿ ಎಲ್ಲಿ?’ ಎಂದು ಅತ್ತೆ ದಿನಕ್ಕೊಮ್ಮೆ ಕೇಳುತ್ತಿದ್ದ ಪ್ರಶ್ನೆಯಲ್ಲಿ ಎರಡು ಪದ ಲಿಸ್ಬನ್ನಿನಿಂದ ಹಡಗು ಹತ್ತಿ ಬಂದವು. ನಮ್ಮ ಮೈಸೂರಿನ ಮನೆಯಲ್ಲಿ ಅದೇ ಮಾತು ‘ಬೀರುವಿನ ಬೀಗದ ಕೈ’ ಆಗುತ್ತಿತ್ತು.

ಸುಳಿವು ಕಂಡ ಕೂಡಲೇ ನಾನು ನಿಘಂಟು ತೆರೆದಿದ್ದರೆ? ವೇತನ, ಪಗಾರ, ಮಜೂರಿ ಎಂದು ಒಂದು ಪಟ್ಟಿ ಸಿಗುತ್ತಿತ್ತು. ಹೊಂದುವುದನ್ನು ಎತ್ತಿ ಬರೆದು ಪುಟ ಮಗುಚುತ್ತಿದ್ದೆ, ಸಂಜೆಯೊಳಗೆ ಮರೆಯುತ್ತಿದ್ದೆ.

ಅಡ್ಡ ಬರುವ ಪದವನ್ನು ಮೊದಲು ನಂಬಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಕನ್ನಡದ ಪದಬಂಧದಲ್ಲಿ ಒಂದು ಮನೆ ಎಂದರೆ ಒಂದು ಪೂರ್ತಿ ಅಕ್ಷರ. ಇಂಗ್ಲಿಷಿನಲ್ಲಿ ಒಂದು ಮನೆಗೆ ಬರಬಹುದಾದದ್ದು 26 ಅಕ್ಷರಗಳಲ್ಲಿ ಒಂದು. ನಮ್ಮಲ್ಲಿ 13 ಸ್ವರ, 34 ವ್ಯಂಜನ, 2 ಯೋಗವಾಹ ಸೇರಿ ವರ್ಣಮಾಲೆ 49. ಆದರೆ ಕಾಗುಣಿತ ಹಾಕಿದರೆ ಪ್ರತಿ ವ್ಯಂಜನಕ್ಕೂ 13 ರೂಪ, ಅಲ್ಲಿಗೇ 442 ಆಯಿತು. ಇದರ ಮೇಲೆ ಸೊನ್ನೆ, ಒತ್ತಕ್ಷರ. ‘ಅಂಗಡಿ’ಗೆ ಅಂ-ಗ-ಡಿ ಎಂದು ಮೂರು ಮನೆ, ‘ಹಣ್ಣು’ ಹ-ಣ್ಣು ಎಂದು ಎರಡೇ, ‘ರಾಷ್ಟ್ರ’ಕ್ಕೂ ಎರಡೇ ಮನೆ. ಹೀಗಾಗಿ ಇಂಗ್ಲಿಷಿನಲ್ಲಿ ಅಡ್ಡ ಪದದಿಂದ ಒಂದು ಅಕ್ಷರ ಸಿಕ್ಕರೆ ಅಷ್ಟೇನೂ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ‘ಷ್ಟ್ರ’ ಅಂತ ಒಂದು ಸಿಕ್ಕಿತೆಂದರೆ ಉತ್ತರ ಹೆಚ್ಚುಕಡಿಮೆ ಕೈಗೆ ಬಂದಂತೆ. ಪದಬಂಧ ರಚಿಸುವವರಿಗೆ ಇದೇ ಕಷ್ಟ: ಎರಡು ಪದಗಳು ಒಂದೇ ಅಕ್ಷರದಲ್ಲಿ ಕೂಡುವುದು ಅಪರೂಪ, ಅದಕ್ಕೇ ನಮ್ಮ ಪದಬಂಧಗಳಲ್ಲಿ ಕಪ್ಪು ಮನೆಗಳು ಜಾಸ್ತಿ, ಮೂರು-ನಾಲ್ಕು ಅಕ್ಷರದ ಪದಗಳೂ ಜಾಸ್ತಿ. ರಚಿಸುವವರು ಅಷ್ಟು ಕಷ್ಟಪಟ್ಟು ಕೂಡಿಸಿದ ಅಕ್ಷರವನ್ನು ಬಿಟ್ಟು ನೇರ ನಿಘಂಟಿಗೆ ಹೋಗುವುದು ನನಗೆ ಯಾಕೋ ಮನಸ್ಸಿಗೆ ಒಪ್ಪುವುದಿಲ್ಲ.

2021ರ ಅಕ್ಟೋಬರಿನಲ್ಲಿ ಜೋಶ್ ವಾರ್ಡಲ್ ಎಂಬಾತ ಜನರ ಮುಂದಿಟ್ಟ ‘ವರ್ಡಲ್’ ಆಟ ನಿಮಗೆ ಗೊತ್ತಿರಬಹುದು. ಐದಕ್ಷರದ ಒಂದು ಇಂಗ್ಲಿಷ್ ಪದ, ಆರು ಪ್ರಯತ್ನ, ದಿನಕ್ಕೆ ಒಂದೇ. ಅದನ್ನು ಕನ್ನಡಕ್ಕೆ ತರಲು ಹೊರಟ ಯಾರಿಗಾದರೂ ಮೊದಲು ಎದುರಾಗುವುದು ಈ ಅಕ್ಷರದ ಪ್ರಶ್ನೆಯೇ. ಉತ್ತರದಲ್ಲಿ ‘ಕಿ’ ಇದ್ದು ನೀವು ‘ಕು’ ಒತ್ತಿದರೆ ಅದು ತಪ್ಪೇ, ಅರ್ಧ ಸರಿಯೇ? ವ್ಯಂಜನ ಸಿಕ್ಕಿದೆ, ಸ್ವರ ಸಿಕ್ಕಿಲ್ಲ. ಇಂಗ್ಲಿಷಿನವರಿಗೆ ಈ ಪ್ರಶ್ನೆ ಬರುವುದೇ ಇಲ್ಲ.

ಈಗ ನಿಮ್ಮ ಆ ಉಳಿದುಬಿಡುವ ನಾಲ್ಕೈದು ಪದಗಳಿಗೆ ಬರುತ್ತೇನೆ. ದಿನಾ ಬಿಡಿಸುವವರಿಗೆ ಕೆಲವು ಸುಳಿವುಗಳು ಹಳೇ ನೆಂಟರ ಹಾಗೆ ಪದೇ ಪದೇ ಬರುತ್ತವೆ. ‘ಕಮಲ (3)’ ತಗೊಳ್ಳಿ. ಜಲಜ, ನೀರಜ, ವಾರಿಜ, ಅಂಬುಜ, ವನಜ, ಪಂಕಜ. ಎಲ್ಲವೂ ಮೂರಕ್ಷರ, ಎಲ್ಲದರ ಕೊನೆಗೂ ‘ಜ’. ತಾವರೆ, ನಳಿನ, ರಾಜೀವ ಎಂದೂ ಆಗಬಹುದು, ಅದಕ್ಕೇ ಪೆನ್ಸಿಲಿನಲ್ಲಿ ತೆಳ್ಳಗೆ ಒಂದು ‘ಜ’ ಬರೆದು ಮುಂದೆ ಹೋಗಿ, ಅಡ್ಡ ಪದಗಳು ಉಳಿದದ್ದನ್ನು ಹೇಳುತ್ತವೆ.

ಈ ‘ಜ’ ಎಂದರೆ ಹುಟ್ಟಿದ್ದು. ಜಲದಲ್ಲಿ ಹುಟ್ಟಿದ್ದು ಜಲಜ, ಪಂಕ ಅಂದರೆ ಕೆಸರಿನಲ್ಲಿ ಹುಟ್ಟಿದ್ದು ಪಂಕಜ, ಮೊದಲು ಹುಟ್ಟಿದವನು ಅಗ್ರಜ, ಆಮೇಲೆ ಹುಟ್ಟಿದವನು ಅನುಜ. ಕೊನೆಯ ಮನೆಯ ಅಕ್ಷರ ಒಂದನ್ನೇ ಬದಲಿಸಿ ನೋಡಿ. ‘ಜ’ ತೆಗೆದು ‘ದ’ ಇಟ್ಟರೆ, ‘ದ’ ಎಂದರೆ ಕೊಡುವುದು, ನೀರು ಕೊಡುವ ಮೋಡ: ಜಲದ, ನೀರದ, ವಾರಿದ, ಅಂಬುದ. ‘ಧಿ’ ಇಟ್ಟರೆ ನೀರನ್ನು ತುಂಬಿಕೊಂಡ ಕಡಲು: ಜಲಧಿ, ನೀರಧಿ, ವಾರಿಧಿ, ಅಂಬುಧಿ. ಒಂದು ಮನೆಯಲ್ಲಿ ಹೂವು, ಮೋಡ, ಸಮುದ್ರ! ಇದನ್ನು ನಾನು ಮೊದಲ ಸಲ ಕಂಡುಕೊಂಡದ್ದು ‘ಸಮುದ್ರ (3)’ ಸುಳಿವಿಗೆ ‘ಜಲದ’ ಬರೆದು, ಅಡ್ಡ ಬಂದ ಪದ ಕೂಡದೆ ತಡವರಿಸಿದಾಗ. ಅಲ್ಪಪ್ರಾಣ ಮಹಾಪ್ರಾಣ ಯಾಕೆ ಬೇಕು ಎಂದು ಕೇಳುವ ಮಕ್ಕಳಿಗೆ ‘ದ’ ಮತ್ತು ‘ಧ’ದ ನಡುವೆ ಮೋಡದಿಂದ ಕಡಲಿನಷ್ಟು ದೂರ ಇದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ‘ವನಜ’ದಲ್ಲಿ ಕಾಡು ಹುಡುಕಬೇಡಿ, ಸಂಸ್ಕೃತದಲ್ಲಿ ‘ವನ’ಕ್ಕೆ ನೀರು ಎಂಬ ಅರ್ಥವೂ ಇದೆ. ‘ನೀರಜ’ದ ‘ನೀರ’ವಂತೂ ನಮ್ಮ ನೀರೇ, ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋದದ್ದು ಎಂದು ಭಾಷಾಶಾಸ್ತ್ರಜ್ಞರಲ್ಲಿ ಹಲವರು ಹೇಳುತ್ತಾರೆ.

ಇಂಥದ್ದೆಲ್ಲ ಗೊತ್ತಾಗುವುದು ಪದ ತುಂಬಿದ ಮೇಲೆ ನಿಘಂಟು ತೆರೆದಾಗ. ನನ್ನ ಬಳಿ ಇರುವುದು ಕಿಟೆಲ್ ನಿಘಂಟಿನ ಒಂದು ಮರುಮುದ್ರಣ. ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು, ಸುಮಾರು 70,000 ಪದ. ಮೊಬೈಲಿನಲ್ಲಿ ನೋಡುವವರಿಗೆ ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಕಟ್ಟಿದ ‘ಅಲರ್’ ಇದೆ. 2019ರಲ್ಲಿ ಎಲ್ಲರಿಗೂ ತೆರೆದಿಟ್ಟ ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ‘ಅಲರ್’ ಎಂದರೆ ಹೂವು, ಇದೂ ಪದಬಂಧದಲ್ಲಿ ಆಗಾಗ ಬರುವ ಪದವೇ. ಇನ್ನು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟ, ಹತ್ತಿರದ ಲೈಬ್ರರಿಯಲ್ಲಿ ಕೇಳಿ ನೋಡಿ. ಅದರ ಪ್ರಧಾನ ಸಂಪಾದಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆದು, ಈ ಪದ ಎಲ್ಲಿಂದ ಬಂತು, ಇದು ಸರಿಯೋ ಅದು ಸರಿಯೋ ಎಂದು ಕೇಳಿದ ಓದುಗರಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟರು. ಕೇಳಿ ತಿಳಿದುಕೊಳ್ಳುವುದು ಮೋಸವಾಗಿದ್ದರೆ ಅಂಥ ಅಂಕಣ ಯಾಕೆ ಬೇಕಿತ್ತು? ಅವರು ಹುಟ್ಟಿದ್ದು 1913ರ ಆಗಸ್ಟ್ 23. ಅದೇ ವರ್ಷ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ವಜ್ರದಾಕಾರದ ಒಂದು ಒಗಟು ಅಚ್ಚು ಹಾಕಿಸಿದ. ಇವತ್ತಿನ ಪದಬಂಧಗಳಿಗೆಲ್ಲ ಅದೇ ಮೊದಲು ಎನ್ನುತ್ತಾರೆ. ನಮ್ಮ ನಡೆದಾಡುವ ನಿಘಂಟೂ ಪದಬಂಧವೂ ಒಂದೇ ವಯಸ್ಸಿನವರು! ವೆಂಕಟಸುಬ್ಬಯ್ಯನವರು 107 ವರ್ಷ ಬಾಳಿ 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಚೌಕದ ಆಟ ಹೊರಗಿನಿಂದ ಬಂದರೂ ಅಕ್ಷರ ಜೋಡಿಸುವ ಆಟ ನಮಗೆ ಹೊಸದಲ್ಲ. ‘ಪದಬಂಧ’ದ ಆ ‘ಬಂಧ’ ನೋಡಿದಾಗಲೆಲ್ಲ ನನಗೆ ಚಿತ್ರಕವಿತ್ವದ, ಅಂದರೆ ಪದ್ಯದ ಅಕ್ಷರಗಳನ್ನು ಚಿತ್ರದ ಆಕಾರದಲ್ಲಿ ಕೂಡಿಸುವ ಹಳೆಯ ಕಾವ್ಯದ ಬಂಧಗಳು ನೆನಪಾಗುತ್ತವೆ. ಪದ್ಮಬಂಧದಲ್ಲಿ ತಾವರೆಯ ನಡುವೆ ಒಂದೇ ಅಕ್ಷರ, ಪ್ರತಿ ದಳ ಓದುವಾಗಲೂ ಅಲ್ಲಿಗೇ ಮರಳಬೇಕು. ಒಂದು ಅಕ್ಷರ ಹಲವು ಸಾಲಿಗೆ ದುಡಿಯುತ್ತದೆ, ಥೇಟ್ ನಮ್ಮ ಅಡ್ಡ-ಉದ್ದ ಕೂಡುವ ಮನೆಯ ಹಾಗೆ.

ಪದದ ವಿಷಯ ಹೀಗಾದರೆ, ಸಾಮಾನ್ಯ ಜ್ಞಾನದ ಸುಳಿವುಗಳಲ್ಲಿ ಮೊಬೈಲು ನೋಡುವುದನ್ನು ನಾನು ಬೇಕೆಂದೇ ಮಾಡುತ್ತೇನೆ. ಯಾಕೆಂದರೆ ಅಲ್ಲಿ ನಮಗೆ ಗೊತ್ತು ಅಂದುಕೊಂಡದ್ದೇ ತಪ್ಪಿರುತ್ತದೆ. ‘ಕುವೆಂಪು ಹುಟ್ಟಿದ ಊರು’ ಎಂದರೆ ಹತ್ತರಲ್ಲಿ ಎಂಟು ಜನ ಕುಪ್ಪಳಿ ಅನ್ನುತ್ತಾರೆ. ಕು-ಪ್ಪ-ಳಿ, ಮೂರು ಮನೆ. ಸುಳಿವಿನ ಮುಂದೆ (5) ಅಂತ ಇದ್ದರೆ? ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹಿ-ರೇ-ಕೊ-ಡಿ-ಗೆ, ಸರಿಯಾಗಿ ಐದು. ನಿಮ್ಮ ನೆನಪು ತಪ್ಪು ಎಂದು ಖಾಲಿ ಮನೆಗಳೇ ಹೇಳಿದಾಗ ಹೋಗಿ ಪರಿಶೀಲಿಸುವುದು ಒಳ್ಳೆಯ ಅಭ್ಯಾಸ.

ನಾನು ಬೇಡ ಅನ್ನುವುದು ಒಂದನ್ನೇ: ಸುಳಿವನ್ನು ಇದ್ದ ಹಾಗೆ ಮೊಬೈಲಿಗೆ ಹಾಕಿ ಉತ್ತರ ತರಿಸಿಕೊಳ್ಳುವುದು. ಅದರಿಂದ ಯಾರಿಗೂ ಮೋಸವಾಗುವುದಿಲ್ಲ ನಿಜ, ಆದರೆ ಮನೆ ತುಂಬಿದರೂ ನಿಮಗೇನೂ ಸಿಗುವುದಿಲ್ಲ. ಒಂದು ಪದ ತೀರಾ ಬರದಿದ್ದರೆ ಪೇಪರ್ ಮಡಿಸಿಟ್ಟು ಕೆಲಸಕ್ಕೆ ಹೋಗಿ. ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಅದು ತಾನಾಗಿ ಬಂದು ನಿಲ್ಲುವುದು ನಿಮಗೂ ಅನುಭವಕ್ಕೆ ಬಂದಿರಬೇಕು. ಸಂಜೆಗೂ ಬರಲಿಲ್ಲವೇ, ಆಗ ನಿಘಂಟು ತೆರೆಯಿರಿ. ಸಿಕ್ಕ ಪದವನ್ನು ಪೇಪರಿನ ಅಂಚಿನಲ್ಲಿ ಬರೆದು, ಅದರ ಅಕ್ಕಪಕ್ಕದ ನಾಲ್ಕು ಪದ ಓದಿ ಮುಚ್ಚಿ. ಅತ್ತೆ ಹಾಗೇ ಮಾಡುತ್ತಿದ್ದರು. ‘ಜಾತ್ರೆ’ ಎಂದರೆ ‘ಯಾತ್ರೆ’ಯ ತದ್ಭವ, ‘ಬೀದಿ’ ಎಂದರೆ ‘ವೀಥಿ’ಯ ತದ್ಭವ ಎಂದು ನಾನು ಮೊದಲು ಓದಿದ್ದು ಅವರ ಪೆನ್ಸಿಲಿನ ಅಕ್ಷರದಲ್ಲಿ.

ನಿಮ್ಮ ಮನೆಯವರು ಮತ್ತೆ ಮೋಸ ಅಂದರೆ ಊಟಕ್ಕೆ ಕೂತಾಗ ಅವರಿಗೇ ಒಂದು ಸುಳಿವು ಕೊಡಿ: ‘ಹಕ್ಕಿಯೂ ಹೌದು, ಹಲ್ಲೂ ಹೌದು (2)’. ಉತ್ತರ ದ್ವಿಜ, ಎರಡು ಸಲ ಹುಟ್ಟಿದ್ದು. ಹಕ್ಕಿ ಒಮ್ಮೆ ಮೊಟ್ಟೆಯಾಗಿ, ಇನ್ನೊಮ್ಮೆ ಮೊಟ್ಟೆ ಒಡೆದು ಮರಿಯಾಗಿ ಹುಟ್ಟುತ್ತದೆ. ಹಲ್ಲು ಮಗುವಿಗೊಮ್ಮೆ ಹುಟ್ಟಿ, ಬಿದ್ದು, ಮತ್ತೆ ಹುಟ್ಟುತ್ತದೆ. ಅವರು ನಿಘಂಟು ಕೇಳಿದರೆ ಕೈಗೆ ಎತ್ತಿ ಕೊಡಿ.