ಟೆಡ್ ವಿಲಿಯಮ್ಸ್ ಟಿಪ್ಪಣಿ: .406 ಬಂದದ್ದು ಹೇಗೆ?

ಬೇಸ್‌ಬಾಲ್ ಚರಿತ್ರೆ ಓದುತ್ತಾ ಟೆಡ್ ವಿಲಿಯಮ್ಸ್ ಹತ್ತಿರ ಬಂದರೆ ಮೂರು ಬ್ಯಾಟಿಂಗ್ ಸರಾಸರಿಗಳು ಮತ್ತೆ ಮತ್ತೆ ಎದುರಾಗುತ್ತವೆ: 1941ರ .406, 1954ರ .345, 1957ರ .388. ಇವನ್ನು ಬಿಡಿಸಿಕೊಂಡರೆ ಆತ ಎಂಥ ಆಟಗಾರ ಅನ್ನುವುದು ಸಲೀಸಾಗಿ ತಲೆಗೆ ಹೋಗುತ್ತದೆ. ಅದಕ್ಕೇ ಜೀವನದ ವಿವರ ಚಿಕ್ಕದಾಗಿ, ಲೆಕ್ಕ ಉದ್ದವಾಗಿ ಬರೆದಿದ್ದೇನೆ.

ಹಿನ್ನೆಲೆ

ಹುಟ್ಟಿದ್ದು 1918ರ ಆಗಸ್ಟ್ 30, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ. ತಾಯಿ ಮೆಕ್ಸಿಕನ್ ಮೂಲದವರು, ಸಾಲ್ವೇಶನ್ ಆರ್ಮಿಯ ಸೇವೆಗೆ ಬದುಕು ಕೊಟ್ಟವರು. ಊರಿನ ಪ್ಯಾಡ್ರೆಸ್ ತಂಡದಲ್ಲಿ ಆಟ ಶುರು. 1939ರಿಂದ 1960ರವರೆಗೆ ಬಾಸ್ಟನ್ ರೆಡ್ ಸಾಕ್ಸ್, ಮೇಜರ್ ಲೀಗ್‌ನಲ್ಲಿ (ಅಮೆರಿಕದ ಅತ್ಯುನ್ನತ ಮಟ್ಟದ ಬೇಸ್‌ಬಾಲ್) ಅದೊಂದೇ ತಂಡ. ಎಡಗೈ ಬ್ಯಾಟರ್, ಹೆಚ್ಚಿನ ಕಾಲ ಲೆಫ್ಟ್ ಫೀಲ್ಡರ್.

ಯಾವುದರಿಂದ ಭಾಗಿಸಬೇಕು?

ನನಗೆ ಕಗ್ಗಂಟಾದದ್ದು ಇದೇ. ಕ್ರಿಕೆಟ್ ನೋಡಿ ಬೆಳೆದ ನಮಗೆ ಸರಾಸರಿ ಎಂದರೆ ಒಟ್ಟು ರನ್ನನ್ನು ಔಟಾದ ಸಲದಿಂದ ಭಾಗಿಸುವುದು. ಬೇಸ್‌ಬಾಲ್‌ನ ಸರಾಸರಿಯಲ್ಲಿ ರನ್ನಿನ ಮಾತೇ ಇಲ್ಲ. ಚೆಂಡು ಹೊಡೆದು, ಔಟಾಗದೆ ಬೇಸ್ (ಓಡಿ ತಲುಪುವ ನೆಲೆ) ಮುಟ್ಟಿದರೆ ಅದು ಹಿಟ್. ಹಿಟ್‌ಗಳ ಸಂಖ್ಯೆಯನ್ನು ಅಟ್-ಬ್ಯಾಟ್‌ಗಳಿಂದ ಭಾಗಿಸಬೇಕು. ಹತ್ತು ಅಟ್-ಬ್ಯಾಟ್‌ನಲ್ಲಿ ನಾಲ್ಕು ಹಿಟ್ ಬಂದರೆ .400.

ಆದರೆ ಬ್ಯಾಟ್ ಹಿಡಿದು ನಿಂತ ಪ್ರತಿ ಸಲವೂ ಅಟ್-ಬ್ಯಾಟ್ ಅಲ್ಲ. ನಿಂತ ಪ್ರತಿ ಸಲವನ್ನೂ ಎಣಿಸಿದರೆ ಅದು ಪ್ಲೇಟ್ ಅಪಿಯರೆನ್ಸ್. ಪಿಚರ್ (ಚೆಂಡು ಎಸೆಯುವವನು) ಸ್ಟ್ರೈಕ್ ಜೋನ್‌ನ, ಅಂದರೆ ಬ್ಯಾಟರ್ ಮುಂದಿನ ನಿಗದಿತ ಜಾಗದ, ಹೊರಗೆ ನಾಲ್ಕು ಎಸೆತ ಹಾಕಿ, ಬ್ಯಾಟರ್ ಅವಕ್ಕೆ ಬ್ಯಾಟ್ ಬೀಸದೆ ಬಿಟ್ಟರೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ. ಇದು ವಾಕ್. ವಾಕ್ ಸಿಕ್ಕ ಸರದಿ ಅಟ್-ಬ್ಯಾಟ್ ಲೆಕ್ಕಕ್ಕೆ ಸೇರುವುದಿಲ್ಲ. ಚೆಂಡು ಮೈಗೆ ತಾಗಿ ಬೇಸ್ ಸಿಕ್ಕರೂ ಹಾಗೆಯೇ.

ಈಗ 1941. ವಿಲಿಯಮ್ಸ್ ನಿಂತದ್ದು 606 ಸಲ. ಅದರಲ್ಲಿ ವಾಕ್ 147, ಮೈಗೆ ತಾಗಿದ್ದು 3. ಕಳೆದರೆ ಉಳಿಯುವುದು 456. ಹಿಟ್ 185. 185ನ್ನು 456ರಿಂದ ಭಾಗಿಸಿದರೆ .4057, ಅಂದರೆ .406. 606ರಿಂದ ಭಾಗಿಸಿದರೆ .305 ಬರುತ್ತದೆ, ಅದು ಯಾವ ದಾಖಲೆಯಲ್ಲೂ ಇಲ್ಲದ ಸಂಖ್ಯೆ.

ಬ್ಯಾಟಿಂಗ್ ಸರಾಸರಿಗೆ ವಾಕ್ ಕಾಣುವುದೇ ಇಲ್ಲ. ಬೇಸ್ ತಲುಪಿದ್ದನ್ನೆಲ್ಲ ಸೇರಿಸಿ ನೋಡಲು ಆನ್-ಬೇಸ್ ಲೆಕ್ಕ ಬೇಕು: 185, 147, 3 ಕೂಡಿಸಿದರೆ 335, ಅದನ್ನು 606ರಿಂದ ಭಾಗಿಸಿದರೆ .553. ನಿಂತ ಸಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾರಿ ಔಟಾಗದೆ ಬೇಸ್ ಮುಟ್ಟಿದ್ದಾನೆ! ನನ್ನ ಮಟ್ಟಿಗೆ .406ಕ್ಕಿಂತ ಇದೇ ದೊಡ್ಡದು. ಇಡೀ ವೃತ್ತಿಜೀವನದ ಆನ್-ಬೇಸ್ .482, ಮೇಜರ್ ಲೀಗ್‌ನಲ್ಲಿ ಅದನ್ನು ಇನ್ನೂ ಯಾರೂ ದಾಟಿಲ್ಲ.

ಕೊನೆಯ ದಿನದ ಕತೆಯನ್ನೂ ಇದೇ ಲೆಕ್ಕದಲ್ಲಿ ನೋಡಿ. 1941ರ ಸೆಪ್ಟೆಂಬರ್ 28, ಫಿಲಡೆಲ್ಫಿಯಾದ ಶೈಬ್ ಪಾರ್ಕ್, ಒಂದೇ ದಿನ ಎರಡು ಆಟ. ಬೆಳಿಗ್ಗೆಯ ಹೊತ್ತಿಗೆ 448ಕ್ಕೆ 179 ಹಿಟ್, ಅಂದರೆ .39955. ದಶಮಾಂಶದ ಮೂರು ಸ್ಥಾನಕ್ಕೆ ತಂದರೆ .400, ಅಪರೂಪದ ಗಡಿ. ಬೇಕಾದರೆ ಕೂತುಬಿಡು ಎಂದು ಮ್ಯಾನೇಜರ್ ಜೋ ಕ್ರೋನಿನ್ ಅವಕಾಶ ಕೊಟ್ಟರು, ವಿಲಿಯಮ್ಸ್ ಒಪ್ಪಲಿಲ್ಲ. ನಾಲ್ಕು ಅಟ್-ಬ್ಯಾಟ್ ಖಾಲಿ ಹೋಗಿದ್ದರೂ .396ಕ್ಕೆ ಇಳಿಯುತ್ತಿತ್ತು. ಆದದ್ದು ಮೊದಲ ಆಟದಲ್ಲಿ ಐದಕ್ಕೆ ನಾಲ್ಕು, ಎರಡನೆಯದರಲ್ಲಿ ಮೂರಕ್ಕೆ ಎರಡು.

ಇನ್ನೊಂದು ಸಂಗತಿ: ಎತ್ತರಕ್ಕೆ ಹೊಡೆದ ಚೆಂಡು ಕ್ಯಾಚ್ ಆಗಿ, ಅಷ್ಟರಲ್ಲಿ ಮೂರನೇ ಬೇಸ್‌ನವನು ರನ್ ಗಳಿಸಿದರೆ ಅದು ಸ್ಯಾಕ್ರಿಫೈಸ್ ಫ್ಲೈ. ಈಗ ಅದನ್ನು ಅಟ್-ಬ್ಯಾಟ್ ಎಂದು ಎಣಿಸುವುದಿಲ್ಲ, 1941ರಲ್ಲಿ ಎಣಿಸುತ್ತಿದ್ದರು. ಈಗಿನ ನಿಯಮವಿದ್ದಿದ್ದರೆ ಸರಾಸರಿ ಇನ್ನೂ ಮೇಲಿರುತ್ತಿತ್ತು.

1954: ವಾಕ್ ಕಿತ್ತುಕೊಂಡ ಪಟ್ಟ

ವಿಲಿಯಮ್ಸ್ .345, ಕ್ಲೀವ್‌ಲ್ಯಾಂಡ್‌ನ ಬಾಬಿ ಆವಿಲಾ .341. ವರ್ಷದ ಅತಿ ಹೆಚ್ಚು ಸರಾಸರಿಗೆ ಕೊಡುವ ಬ್ಯಾಟಿಂಗ್ ಪಟ್ಟ ಸಿಕ್ಕಿದ್ದು ಆವಿಲಾಗೆ. ಪಟ್ಟಕ್ಕೆ ಕನಿಷ್ಠ 400 ಅಟ್-ಬ್ಯಾಟ್ ಬೇಕಿತ್ತು. ಕೊರಳೆಲುಬು (ಕಾಲರ್‌ಬೋನ್) ಮುರಿದು ಆಟಗಳು ತಪ್ಪಿದ್ದವು, ಮೇಲಾಗಿ 136 ವಾಕ್, ಹಾಗಾಗಿ ಅಟ್-ಬ್ಯಾಟ್ ಬರೀ 386. ಪಿಚರ್‌ಗಳು ಹೆದರಿ ಹೊರಗೆ ಎಸೆದದ್ದಕ್ಕೆ ಬ್ಯಾಟರ್‌ಗೆ ಶಿಕ್ಷೆ, ಇದು ಅನ್ಯಾಯ. ಮುಂದೆ ಪ್ಲೇಟ್ ಅಪಿಯರೆನ್ಸ್ ಎಣಿಸುವ ನಿಯಮ ಬಂತು. ಅದು ಆಗಲೇ ಇದ್ದಿದ್ದರೆ ಆತನ 526 ಧಾರಾಳವಾಗಿ ಸಾಕಾಗುತ್ತಿತ್ತು.

ಯುದ್ಧ ಮತ್ತು ಉಳಿದದ್ದು

1943ರಿಂದ 45 ಪೂರ್ತಿ ಆಟವಿಲ್ಲ, ಪೈಲಟ್ ತರಬೇತಿ. 1952–53ರಲ್ಲಿ ಕೊರಿಯಾ ಯುದ್ಧ, 39 ಹಾರಾಟ. ಒಮ್ಮೆ ಗುಂಡು ತಗುಲಿ ಉರಿಯುತ್ತಿದ್ದ ವಿಮಾನವನ್ನು ಹೊಟ್ಟೆಯ ಮೇಲೆಯೇ ಇಳಿಸಿ ಬದುಕಿದ. ಇಷ್ಟು ವರ್ಷ ಕಳೆದುಕೊಂಡೂ 521 ಹೋಮ್ ರನ್, ಕೊನೆಯದು ವೃತ್ತಿಜೀವನದ ಕೊನೆಯ ಸರದಿಯಲ್ಲಿ.

1966ರಲ್ಲಿ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ, ಅವಕಾಶ ಸಿಗದ ಕಪ್ಪು ಆಟಗಾರರ ಪ್ರತೀಕವಾಗಿ ಸ್ಯಾಚೆಲ್ ಪೇಜ್, ಜೋಶ್ ಗಿಬ್ಸನ್ ಕೂಡ ಅಲ್ಲಿಗೆ ಸೇರಬೇಕು ಎಂದು ವೇದಿಕೆಯಲ್ಲೇ ಹೇಳಿದ. ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಸೇರಿದರು. .400 ಹೊಡೆದ ಕೊನೆಯವನು ವಿಲಿಯಮ್ಸ್ ಎಂದು ಬರೆಯುವಾಗ ಎಚ್ಚರ: ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್, ನ್ಯಾಷನಲ್ ಲೀಗ್‌ಗಳಿಗೆ ಮಾತ್ರ ಅದು ನಿಜ. 2024ರಲ್ಲಿ ನೀಗ್ರೋ ಲೀಗ್ (ಕಪ್ಪು ಆಟಗಾರರ ಪ್ರತ್ಯೇಕ ಲೀಗ್) ಅಂಕಿಅಂಶ ಸೇರಿಸಿದ ಮೇಲೆ 1943ರ ಗಿಬ್ಸನ್ .466 ಒಂದು ವರ್ಷದ ಸರಾಸರಿಯ ಅಧಿಕೃತ ದಾಖಲೆ.

ಅಭ್ಯಾಸಕ್ಕೆ

1957, ವಯಸ್ಸು 39 ಮುಟ್ಟಿದ ವರ್ಷ: ಅಟ್-ಬ್ಯಾಟ್ 420, ಹಿಟ್ 163, ವಾಕ್ 119. ಸರಾಸರಿ .388 ಬರುತ್ತದೆಯೇ ನೋಡಿ. ಆಮೇಲೆ, ಅಟ್-ಬ್ಯಾಟ್ ಅಷ್ಟೇ ಇಟ್ಟು .400 ಮುಟ್ಟಲು ಇನ್ನೆಷ್ಟು ಹಿಟ್ ಬೇಕಿತ್ತು ಎಂದು ಲೆಕ್ಕ ಹಾಕಿ. ಉತ್ತರ ಐದು.