ರ‍್ಯಾಂಕ್ ನೋಡಿದಿರಿ, ಮಾಡ್ಯೂಲ್ ಹ್ಯಾಂಡ್‌ಬುಕ್ ನೋಡಿದಿರಾ?

ಬೆಂಗಳೂರಿನ ಹೋಟೆಲುಗಳಲ್ಲಿ ನಡೆಯುವ ವಿದೇಶಿ ಶಿಕ್ಷಣ ಮೇಳಗಳಲ್ಲಿ, ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಸ್ಟಾಲಿನ ಮುಂದೆ ಮೂರು ಸಂಗತಿ ದಪ್ಪಕ್ಷರದಲ್ಲಿ ಕಾಣುತ್ತವೆ: ಕ್ಯೂಎಸ್ ರ‍್ಯಾಂಕ್, ವಿದ್ಯಾರ್ಥಿಗಳ ತೃಪ್ತಿಯ ಶೇಕಡಾವಾರು, ಬೋಧನೆಯ ಗುಣಮಟ್ಟಕ್ಕೆ ಕೊಡುವ 'ಟೆಫ್' ಎಂಬ ಮೌಲ್ಯಮಾಪನದ ಚಿನ್ನದ ದರ್ಜೆ. ಮಾಸ್ಟರ್ಸ್ ಮಾಡಲು ಹೊರಟವರು ಇವನ್ನೇ ಗುಣಮಟ್ಟದ ಖಾತ್ರಿ ಎಂದು ನಂಬುತ್ತಾರೆ. ಆದರೆ ಅವರು ಕೂರಲಿರುವ ತರಗತಿಯನ್ನು ಇವುಗಳಲ್ಲಿ ಒಂದೂ ಅಳೆದಿರುವುದಿಲ್ಲ.

ಕ್ಯೂಎಸ್‌ನ ಜಾಗತಿಕ ಪಟ್ಟಿಯಲ್ಲಿ 100ಕ್ಕೆ 45 ಪಾಲು ಬರುವುದು ಹೆಸರಿನ ಮೇಲೆ: ಪ್ರಾಧ್ಯಾಪಕರ ಅಭಿಪ್ರಾಯಕ್ಕೆ 30, ಉದ್ಯೋಗದಾತರ ಅಭಿಪ್ರಾಯಕ್ಕೆ 15. ಪಾಠಕ್ಕೆ ತುಸು ಹತ್ತಿರವಿರುವ ಶಿಕ್ಷಕ–ವಿದ್ಯಾರ್ಥಿ ಅನುಪಾತಕ್ಕೆ ಸಿಗುವುದು 10, ಅದೂ ಇಡೀ ವಿಶ್ವವಿದ್ಯಾಲಯದ ಲೆಕ್ಕ. ತೃಪ್ತಿಯ ಶೇಕಡಾವಾರಿಗೆ ಸಾಮಾನ್ಯವಾಗಿ ಆಧಾರವಾದ, 2005ರಿಂದ ನಡೆಯುತ್ತಿರುವ ಬ್ರಿಟನ್ನಿನ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆ ಮಾತಾಡಿಸುವುದು ಪದವಿಯ ಕೊನೆಯ ವರ್ಷದವರನ್ನು. ಟೆಫ್ ಕೂಡ ಪದವಿ ಶಿಕ್ಷಣದ ಮೌಲ್ಯಮಾಪನವೇ. ಸ್ನಾತಕೋತ್ತರದವರಿಗೆಂದು ಪಿಟಿಇಎಸ್ ಎಂಬ ಸಮೀಕ್ಷೆ ಇದೆ ನಿಜ, ಆದರೆ ಯಾವ ವಿಶ್ವವಿದ್ಯಾಲಯಕ್ಕೆ ಎಷ್ಟು ಬಂತು ಎಂಬ ಪಟ್ಟಿ ಹೊರಗೆ ಬರುವುದಿಲ್ಲ. ಈ ವಿಷಯದಲ್ಲಿ ಆಸ್ಟ್ರೇಲಿಯಾ ಮೇಲು. ಅಲ್ಲಿನ ಕ್ವಿಲ್ಟ್ ಸಮೀಕ್ಷೆ ಸ್ನಾತಕೋತ್ತರದವರನ್ನೂ ಕೇಳುತ್ತದೆ, ಉತ್ತರಗಳನ್ನು ವಿಶ್ವವಿದ್ಯಾಲಯವಾರು ಪ್ರಕಟಿಸುತ್ತದೆ.

ಹೋದ ಮೇಲಿನ ಬೇಸರದ ಮೂಲ ಬೇರೆಯೇ. ಸೆಪ್ಟೆಂಬರಿನಲ್ಲಿ ಕೋರ್ಸು ಸೇರಿದವರು ಅಕ್ಟೋಬರಿನಲ್ಲಿ ಮನೆಗೆ ಫೋನು ಮಾಡಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ವಾರಕ್ಕೆ ಹನ್ನೆರಡು ಗಂಟೆ ಕ್ಲಾಸು ಅಷ್ಟೇ ಅಮ್ಮ, ಏನೂ ಹೇಳಿಕೊಡಲ್ಲ." ಸೇವೆಯ ಗುಣಮಟ್ಟ ಅಳೆಯಲು ಪರಶುರಾಮನ್, ಜೈತಾಮಲ್, ಬೆರಿ ಎಂಬ ಮೂವರು 1988ರಲ್ಲಿ ಸರ್ವ್‌ಕ್ವಾಲ್ ಎಂಬ ಮಾಪಕ ಕೊಟ್ಟರು. ಅನುಭವಕ್ಕೆ ಬಂದದ್ದರಿಂದ ನಿರೀಕ್ಷಿಸಿದ್ದನ್ನು ಕಳೆದರೆ ಉಳಿಯುವುದೇ ಗ್ರಹಿಸಿದ ಗುಣಮಟ್ಟ ಎಂಬುದು ಅದರ ತಿರುಳು. ವಿದೇಶಿ ವಿದ್ಯಾರ್ಥಿಗಳ ತೃಪ್ತಿಯನ್ನು ಅಳೆಯುವ ಅಧ್ಯಯನಗಳಲ್ಲಿ ಇಂದಿಗೂ ಇದನ್ನು ಬಳಸುತ್ತಾರೆ. ನಮ್ಮ ಮಕ್ಕಳ ಲೆಕ್ಕ ತಪ್ಪುವುದು ಕಳೆಯುವ ಸಂಖ್ಯೆಯಲ್ಲಿ, ಅಂದರೆ ನಿರೀಕ್ಷೆಯಲ್ಲಿ.

'ಮಾಡ್ಯೂಲ್' ಎಂಬ ಪದವನ್ನೇ ನೋಡಿ. ವಿಟಿಯುನಲ್ಲಿ ಒಂದು ಸಬ್ಜೆಕ್ಟಿಗೆ ಐದು ಮಾಡ್ಯೂಲು, ಬ್ರಿಟನ್ನಿನಲ್ಲಿ ಒಂದು ಮಾಡ್ಯೂಲೇ ಒಂದು ಸಬ್ಜೆಕ್ಟು. ಅಲ್ಲಿನ ಒಂದು ವರ್ಷದ ಮಾಸ್ಟರ್ಸ್‌ಗೆ 180 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ 10 ಗಂಟೆಯ ಕಲಿಕೆ. 15 ಕ್ರೆಡಿಟ್‌ನ ಮಾಡ್ಯೂಲಿಗೆ 150 ಗಂಟೆ ಆಯಿತು. ಅದರಲ್ಲಿ ತರಗತಿ 30 ಗಂಟೆಯಿದ್ದರೆ ಉಳಿದ 120 ಗಂಟೆ ಓದು, ಬರಹ, ಲ್ಯಾಬು ನಿಮ್ಮದೇ ಹೊಣೆ. ನೋಟ್ಸ್ ಬರೆಸುವವರಿಲ್ಲ, ಹಳೆಯ ಪ್ರಶ್ನೆಪತ್ರಿಕೆ ತಿರುವಿ ಪಾಸಾಗುವ ದಾರಿಯೂ ಇಲ್ಲ. ಮೊದಲೇ ಗೊತ್ತಿದ್ದವರಿಗೆ ಇದು ಪದ್ಧತಿ, ಗೊತ್ತಿಲ್ಲದವರಿಗೆ ಮೋಸ.

ಅಂಕಗಳ ಕತೆಯೂ ಹೀಗೆಯೇ. ಅಲ್ಲಿ ಸಾಮಾನ್ಯವಾಗಿ 50 ಪಾಸು, 60 ಮೆರಿಟ್, 70 ಡಿಸ್ಟಿಂಕ್ಷನ್. 62 ಬಂದವರು ಸೋತೆವೆಂದು ಕುಗ್ಗುತ್ತಾರೆ, ಅದು ಒಳ್ಳೆಯ ಅಂಕವಾಗಿದ್ದರೂ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅಂಕವಿಲ್ಲದ ಕರಡು ಅಸೈನ್‌ಮೆಂಟನ್ನು 'ಮಾರ್ಕ್ಸ್ ಇಲ್ವಲ್ಲ' ಎಂದು ಕೊಡದೇ ಬಿಡುತ್ತಾರೆ. ಮೇಷ್ಟ್ರು ಕೂತು ತಪ್ಪು ತೋರಿಸಿ ತಿದ್ದುವುದು ಅದರ ಮೇಲೆಯೇ. ಕಟ್ಟಿದ ಫೀಸಿನ ಅತ್ಯಂತ ಬೆಲೆಬಾಳುವ ಭಾಗ ಹಾಗೆ ಕೈತಪ್ಪುತ್ತದೆ.

ಜರ್ಮನಿಯಲ್ಲಿ ತೊಡಕು ಇನ್ನೊಂದು ಬಗೆಯದು. ಅನೇಕ ವಿಷಯಗಳಿಗೆ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆ, ಇಂಟರ್ನಲ್ಸ್‌ನ ಆಸರೆ ಇಲ್ಲ. ಪರೀಕ್ಷೆಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸುವ ಗಡುವು ತಪ್ಪಿದರೆ ಆ ಸಲ ಬರೆಯುವಂತಿಲ್ಲ. ಒಂದೇ ಪರೀಕ್ಷೆಯಲ್ಲಿ ಬಹುಪಾಲು ಕಡೆ ಮೂರು ಸಲ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಬ್ಯಾಕ್‌ಲಾಗ್ ಆಮೇಲೆ ತೀರಿಸಿಕೊಳ್ಳಬಹುದು ಎಂಬ ಇಲ್ಲಿನ ಧೈರ್ಯ ಅಲ್ಲಿ ಅಪಾಯಕಾರಿ.

ಹಾಗಾದರೆ ಹೊರಡುವ ಮುನ್ನ ನೋಡಬೇಕಾದ್ದೇನು? ಮಾಡ್ಯೂಲ್ ಹ್ಯಾಂಡ್‌ಬುಕ್. ಕೋರ್ಸಿನ ಪ್ರತಿ ವಿಷಯದ ವಿವರವಿರುವ ಪುಸ್ತಿಕೆ ಇದು. ಜರ್ಮನಿಯಲ್ಲಿ ಸಾಮಾನ್ಯವಾಗಿ ವಿಭಾಗದ ಜಾಲತಾಣದಲ್ಲೇ ಸಿಗುತ್ತದೆ. ತರಗತಿ ಎಷ್ಟು ಗಂಟೆ, ಸ್ವಂತ ಓದು ಎಷ್ಟು ಗಂಟೆ ಎಂದು ಬೇರೆಬೇರೆ ಬರೆದಿರುತ್ತಾರೆ. ಒಂದು ಸಂಜೆ ಕೂತು ಪ್ರತಿ ವಿಷಯಕ್ಕೆ ನಾಲ್ಕು ಅಂಶ ಗುರುತು ಹಾಕಿಕೊಳ್ಳಿ: ತರಗತಿಯ ಗಂಟೆ, ಮೌಲ್ಯಮಾಪನದ ಹಂಚಿಕೆ, ಕಲಿಸುವವರ ಹೆಸರು, ಕಡ್ಡಾಯವೋ ಐಚ್ಛಿಕವೋ. ಐಚ್ಛಿಕ ಪಟ್ಟಿ ನೋಡಿ ಮರುಳಾಗಬೇಡಿ. ಇಪ್ಪತ್ತು ವಿಷಯ ಛಾಪಿಸಿ ಆ ವರ್ಷ ಎಂಟನ್ನೇ ನಡೆಸುವುದುಂಟು. ಕಳೆದ ವರ್ಷ ನಿಜಕ್ಕೂ ನಡೆದವು ಯಾವುವು ಎಂದು ಕೇಳಿ.

ಅಲ್ಲಿ ಓದುತ್ತಿರುವವರನ್ನು ವಿಚಾರಿಸುವ ರೀತಿಯೂ ಬದಲಾಗಬೇಕು. "ಹೇಗಿದೆ ಕೋರ್ಸು?" ಎಂದರೆ "ಪರವಾಗಿಲ್ಲ, ಚೆನ್ನಾಗಿದೆ" ಎಂದೇ ಉತ್ತರ ಬರುತ್ತದೆ. ಮನೆಯ ಮೇಲೆ ಸಾಲ ಎತ್ತಿ ಹೋದ ಹುಡುಗನಿಗೆ ಚೆನ್ನಾಗಿಲ್ಲ ಎನ್ನುವುದು ಸುಲಭವಲ್ಲ. ಮೊದಲ ಎರಡು ತಿಂಗಳಲ್ಲಿ ಕೇಳಿದರೆ ಗೊಣಗಾಟ, ಕೋರ್ಸು ಮುಗಿದ ಮೇಲಾದರೆ ಕೆಲಸ ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಹೊಗಳಿಕೆ ಇಲ್ಲವೇ ತೆಗಳಿಕೆ. ಎರಡನೇ ಸೆಮಿಸ್ಟರಿನಲ್ಲಿರುವವರ ಮಾತಿಗೆ ತೂಕ ಹೆಚ್ಚು. ಅದೇ ಕೋರ್ಸಿನ, ಎರಡು ಬ್ಯಾಚಿನ, ಕನಿಷ್ಠ ನಾಲ್ವರನ್ನು ಕೇಳಿ. ಅಸೈನ್‌ಮೆಂಟ್ ತಿದ್ದಿ ಎಷ್ಟು ದಿನಕ್ಕೆ ವಾಪಸ್ ಬಂತು? ಟಿಪ್ಪಣಿ ಎರಡು ಸಾಲೋ ಎರಡು ಪುಟವೋ? ಪ್ರಬಂಧಕ್ಕೆ ಮಾರ್ಗದರ್ಶಕರು ಎಷ್ಟು ಸಲ ಸಿಕ್ಕರು? ಒಂದು ಲ್ಯಾಬ್ ತಂಡದಲ್ಲಿ ಎಷ್ಟು ಜನ? ತರಗತಿಯಲ್ಲಿ ಯಾವ ಯಾವ ದೇಶದವರಿದ್ದಾರೆ? ಕೊನೆಯದನ್ನು ಬಿಡಬೇಡಿ. ಬಹುಪಾಲು ನಮ್ಮವರೇ ತುಂಬಿದ ತರಗತಿಯಿಂದ ಬರುವ ದೊಡ್ಡ ನಿರಾಸೆ ಪಾಠದ ಬಗ್ಗೆಯಲ್ಲ, ಒಡನಾಟದ ಬಗ್ಗೆ.

ಹ್ಯಾಂಡ್‌ಬುಕ್ ಜಾಲತಾಣದಲ್ಲಿ ಸಿಗದಿದ್ದರೆ ಅಡ್ಮಿಷನ್ ಆಫೀಸಿಗಲ್ಲ, ಕೋರ್ಸಿನ ನಿರ್ದೇಶಕರಿಗೇ ಇಮೇಲ್ ಮಾಡಿ. ಕನ್ಸಲ್ಟೆನ್ಸಿಯವರು ಸಾಮಾನ್ಯವಾಗಿ ವಿಶ್ವವಿದ್ಯಾಲಯದಿಂದ ಕಮಿಷನ್ ಪಡೆಯುವವರು, ಆದ್ದರಿಂದ ಈ ಪತ್ರ ನಿಮ್ಮ ಸ್ವಂತ ಇಮೇಲಿನಿಂದ ಹೋಗಲಿ. ಎರಡು ವಾರ ಕಾದು, ಒಮ್ಮೆ ನೆನಪಿಸಿ. ಅಷ್ಟಾದರೂ ಹ್ಯಾಂಡ್‌ಬುಕ್ ಬರದಿದ್ದರೆ ಡೆಪಾಸಿಟ್ ಕಟ್ಟಬೇಡಿ.